ಖರೀದಿ ತಾಣಗಳಲ್ಲಿ ಪಾಪ್-ಅಪ್ ಕಾಟ ತಪ್ಪಿಸುವುದು ಹೇಗೆ?

ದಾವಣಗೆರೆಯ ಚೌಕಿಪೇಟೆಯಲ್ಲಿ ಸೀರೆ ನೋಡುವಾಗ ಅಂಗಡಿಯವರು ಕಣ್ಣಿಗೆ ಚೀಟಿ ಅಡ್ಡ ಹಿಡಿಯುವುದಿಲ್ಲ. ಮೊಬೈಲಿನಲ್ಲಿ ಮಾತ್ರ ಸೆರಗಿನ ಬಣ್ಣ ಕಾಣುವ ಮೊದಲೇ ‘ರಿಯಾಯಿತಿ ಬೇಕೇ? ಇಮೇಲ್ ಕೊಡಿ’ ಎಂಬ ಚೌಕ ಎದ್ದು ನಿಲ್ಲುತ್ತದೆ.

ಕ್ರೋಮ್‌ನ ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ಪಾಪ್-ಅಪ್ ತಡೆಯಬಹುದು, ಆದರೆ ಅದು ನಿಲ್ಲಿಸುವುದು ಹೊಸದಾಗಿ ತೆರೆಯುವ ಕಿಟಕಿಗಳನ್ನಷ್ಟೇ. ಈ ಚೌಕ ಪುಟದೊಳಗೇ ಹೆಣೆದದ್ದು, ಜಗ್ಗುವುದಿಲ್ಲ. ಅದಕ್ಕೆ ಆಂಡ್ರಾಯ್ಡ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಹಾಕಿಕೊಂಡು, ಯುಬ್ಲಾಕ್ ಒರಿಜಿನ್ ಎಂಬ ಉಚಿತ ಆಡ್-ಆನ್ (ಬ್ರೌಸರ್‌ಗೆ ಜೋಡಿಸುವ ಪುಟ್ಟ ತಂತ್ರಾಂಶ) ಸೇರಿಸಿ. ಅದರ ಫಿಲ್ಟರ್ ಪಟ್ಟಿಯಲ್ಲಿ (ಏನೇನು ತಡೆಯಬೇಕೆಂಬ ಪಟ್ಟಿ) ‘ಅನಾಯನ್ಸಸ್’ (ಕಿರಿಕಿರಿಗಳು) ಗುಂಪಿಗೆ ನೀವೇ ಟಿಕ್ ಹಾಕಬೇಕು; ಹೆಚ್ಚಿನವರು ಎಡವುವುದು ಇಲ್ಲಿಯೇ.

ಹಣ ಪಾವತಿಸುವಾಗ ಬ್ಯಾಂಕಿನ ಪುಟ ತೆರೆಯದಿದ್ದರೆ ಆ ಖರೀದಿ ತಾಣಕ್ಕೆ ಮಾತ್ರ ತಡೆಯನ್ನು ತೆಗೆಯಿರಿ. ‘ನೋಟಿಫಿಕೇಶನ್ ಕಳುಹಿಸಲೇ?’ ಎಂದು ಕೇಳಿದರೆ ಮುಲಾಜಿಲ್ಲದೆ ಬೇಡವೆನ್ನಿ.