ಕಾರು ಓಡೋದೇ ಕಮ್ಮಿ, ಈ ವರ್ಷ ಸರ್ವಿಸ್ ಬಿಡಬಹುದಾ?

ಐದು ವರ್ಷದ ಪೆಟ್ರೋಲ್ ಕಾರು, ಓಡಿರೋದು ಬರೀ 16,000 ಕಿಲೋಮೀಟರ್, ಸರ್ವಿಸ್‌ಗೆ 9,000 ರೂಪಾಯಿ ಕೇಳುತ್ತಿದ್ದಾರೆ, ಮುಂದಿನ ತಿಂಗಳು ಚಿಕ್ಕಮಗಳೂರಿಂದ ಮಕ್ಕಳನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಬೇಕು. 'ಓಡದ ಗಾಡಿಗೆ ಸರ್ವಿಸ್ ಯಾಕೆ?' ಅಂತ ಕೇಳಿದ್ದೀರಿ. ಚಿಕ್ಕಮಗಳೂರು ಅನ್ನೋ ಕಡೆ ಹಾಸನ ಅಂತ ಬರೆದರೆ 2022ರಲ್ಲಿ ನಾನು ಇದ್ದದ್ದು ಹೀಗೇ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್. 2016ರಲ್ಲಿ ತೆಗೆದುಕೊಂಡ ಕಾರು ಆರು ವರ್ಷದಲ್ಲಿ 26,000 ಓಡಿತ್ತು, ಅಷ್ಟೇ. ಭಾನುವಾರ ಬಂದರೆ ನಾನೇ ತೊಳೆದು ಒರೆಸುತ್ತಿದ್ದೆ. ಒಂದು ಗೀರೂ ಇರಲಿಲ್ಲ. ಫ್ರೀ ಸರ್ವಿಸ್ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿದರೆ ಸಾಕು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಎರಡು ಸಲ ಗ್ಯಾರೇಜಿನವರು ಚೀಟಿಯಲ್ಲಿ 'ಬ್ರೇಕ್ ಆಯಿಲ್ ಚೇಂಜ್ – 700' ಅಂತ ಬರೆದಿದ್ದರು. ಎರಡು ಸಲವೂ ನಾನೇ ಅದನ್ನು ಹೊಡೆಸಿ ಹಾಕಿದೆ. ಲೆವೆಲ್ ಸರಿಯಾಗಿದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ, ಮತ್ತೆ ಯಾಕೆ ಅಂತ ಕೇಳಿದೆ. ಆ ಹುಡುಗ 'ಟೈಮ್ ಆಗಿದೆ ಮೇಡಂ' ಅಂದ. ಟೈಮ್ ಅಂದರೆ ಏನು ಅಂತ ನಾನು ಕೇಳಲಿಲ್ಲ.

ಆ ಡಿಸೆಂಬರ್‌ನಲ್ಲಿ ಧರ್ಮಸ್ಥಳಕ್ಕೆ ಅತ್ತೆಯವರ ಹರಕೆ ಇತ್ತು. ಮುಂದೆ ನಾನು, ನಮ್ಮ ಯಜಮಾನರು. ಹಿಂದೆ ಅತ್ತೆ, ಮಗಳು. ಡಿಕ್ಕಿ ತುಂಬ ಬ್ಯಾಗು. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದೆವು. ಮಂಜು ಆಗಷ್ಟೇ ಬಿಟ್ಟಿತ್ತು.

ಮೊದಲು ಎರಡನೇ ಗೇರಲ್ಲೇ ಇಳಿಯುತ್ತಿದ್ದೆ. ಎಂಜಿನ್ ಗುಂಯ್ ಅಂತ ಸದ್ದು ಮಾಡುತ್ತಿತ್ತು. ಅತ್ತೆಗೆ ಬಸ್ಸು ಕಾರು ಅಂದರೆ ಹೊಟ್ಟೆ ತೊಳೆಸುತ್ತದೆ. 'ಗಾಡಿ ಯಾಕೋ ಕೂಗ್ತಿದೆ ಕಣಮ್ಮಾ, ನಿಧಾನಕ್ಕೆ ಹೋಗು' ಅಂದರು. ಯಜಮಾನರೂ ಗೇರ್ ಏರಿಸು, ಪೆಟ್ರೋಲ್ ಉಳಿಯುತ್ತೆ ಅಂದರು. ನಾಲ್ಕಕ್ಕೆ ಹಾಕಿದೆ. ಸದ್ದು ನಿಂತಿತು. ಗಾಡಿ ಹೂವಿನ ಹಾಗೆ ಇಳಿಯುತ್ತಿತ್ತು. ಆದರೆ ಈಗ ಅದನ್ನು ಹಿಡಿದಿಟ್ಟಿದ್ದು ನನ್ನ ಬಲಗಾಲು ಮಾತ್ರ. ತಿರುವಿಂದ ತಿರುವಿಗೆ ಬ್ರೇಕ್ ಮೇಲಿಂದ ಕಾಲು ತೆಗೆದೇ ಇರಲಿಲ್ಲ.

ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈಮುಗಿದು ಹೋಗೋದು ಆ ದಾರಿಯ ರೂಢಿ. ಅವತ್ತು ಗಾಡಿಗಳು ಜಾಸ್ತಿ ನಿಂತಿದ್ದವು. ಬರುವಾಗ ನಿಲ್ಲಿಸೋಣ ಅಂತ ಒಳಗಿಂದಲೇ ಕೈಮುಗಿದು ಮುಂದೆ ಹೋದೆವು. ಅಲ್ಲಿ ನಿಂತಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ. ಸ್ವಲ್ಪ ಹೊತ್ತು ನಿಂತಿದ್ದರೆ ಚಕ್ರಗಳು ತಣ್ಣಗಾಗುತ್ತಿದ್ದವು.

ಮೊದಲು ಬಂದದ್ದು ವಾಸನೆ. ಏನೋ ಸುಟ್ಟ ಹಾಗೆ. ಮುಂದೆ ಹೋಗುತ್ತಿದ್ದ ಲಾರಿಯದು ಅಂದುಕೊಂಡು ಗಾಜು ಏರಿಸಿದೆ. ಆಮೇಲೆ ಎರಡು ತಿರುವು ಆಗಿರಬಹುದು. ಪೆಡಲ್ ಒತ್ತಿದೆ, ಅದು ಯಾವಾಗಲೂ ನಿಲ್ಲುವ ಕಡೆ ನಿಲ್ಲಲಿಲ್ಲ. ಸ್ಪಂಜ್ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಇನ್ನೊಮ್ಮೆ ಒತ್ತಿದಾಗ ಮ್ಯಾಟ್‌ಗೆ ತಾಗಿತು. ಗಾಡಿಯ ವೇಗ ಇಳಿಯಲೇ ಇಲ್ಲ. ಮುಂದೆ ತಿರುವು, ತಿರುವಿನ ಆಚೆ ತಡೆಗೋಡೆ, ಅದರಾಚೆ ಬರೀ ಆಕಾಶ.

ಪೆಡಲನ್ನು ಪಟಪಟ ಅಂತ ಐದಾರು ಸಲ ತುಳಿದೆ. ಸ್ವಲ್ಪ ಹಿಡಿಯಿತು, ಮತ್ತೆ ಬಿಟ್ಟಿತು. ಗೇರನ್ನು ಮೂರಕ್ಕೆ, ಎರಡಕ್ಕೆ ಇಳಿಸಿದೆ. ಗಾಡಿ ಜಗ್ಗಿತು. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆದೆ. ಆ ತಿರುವು ಹೇಗೆ ತಿರುಗಿಸಿದೆನೋ ನೆನಪಿಲ್ಲ. ತಿರುವಿನ ಆಚೆ ಗುಡ್ಡ ನಮ್ಮ ಎಡಕ್ಕಿತ್ತು. ಎಡಗಡೆ ಚಕ್ರಗಳನ್ನು ಚರಂಡಿಗೆ ಇಳಿಸಿಬಿಟ್ಟೆ. ಗಾಡಿ ಮಣ್ಣಿಗೆ ಉಜ್ಜಿಕೊಂಡು ಹೋಗಿ ದಡಾರ್ ಅಂತ ನಿಂತಿತು.

ಮುಂದಿದ್ದ ನಾವಿಬ್ಬರೂ ಬೆಲ್ಟ್ ಹಾಕಿದ್ದೆವು. ಮಗಳೂ ಹಾಕಿದ್ದಳು. ಅತ್ತೆ ಹಾಕಿರಲಿಲ್ಲ. ಹಿಂದೆ ಕೂತವರಿಗೆ ಯಾಕೆ ಅಂತ ನಾವ್ಯಾರೂ ಹೇಳಿರಲೂ ಇಲ್ಲ. ಮುಂದಿನ ಸೀಟಿಗೆ ಹೋಗಿ ಬಡಿದರು. ಭುಜದ ಹತ್ತಿರದ ಕಾಲರ್ ಬೋನ್ ಮುರಿಯಿತು. ಹಿಂದಿಂದ ಬಂದ ಜೀಪಿನವರು ಇಳಿದು ಅವರನ್ನು ಎತ್ತಿ ಕೂರಿಸಿಕೊಂಡು ಕೆಳಗಿನ ಆಸ್ಪತ್ರೆಗೆ ಬಿಟ್ಟರು. ಆರು ವಾರ ಕೈ ಜೋಳಿಗೆಯಲ್ಲಿತ್ತು. ಎಪ್ಪತ್ತು ವರ್ಷದವರು, ತಲೆ ಬಾಚಿಕೊಳ್ಳೋಕೂ ಆಗದೆ ಕೂತಿದ್ದನ್ನು ದಿನಾ ನೋಡಿದ್ದೇನೆ.

ಈಗ ಮುಖ್ಯವಾದ ವಿಷಯ. ಮಾರನೇ ದಿನ ಅಲ್ಲಿನ ಮೆಕ್ಯಾನಿಕ್ ಒಬ್ಬರು ಗಾಡಿ ನೋಡಿದರು. ಪೆಡಲ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ! ಆಯಿಲ್ ಎಲ್ಲೂ ಸೋರಿಲ್ಲ, ಡಿಸ್ಕನ್ನು ಹಿಡಿಯುವ ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. 'ಬ್ರೇಕ್ ಸರಿ ಇದೆಯಲ್ಲ ಮೇಡಂ, ಗಾಬರೀಲಿ ಕ್ಲಚ್ ತುಳಿದಿರಬೇಕು' ಅಂದರು. ನಮ್ಮವರೆಲ್ಲ ನನ್ನ ಮುಖ ನೋಡಿದರು. ಒಂದು ವಾರ ನನಗೂ ಹಾಗೇ ಅನ್ನಿಸಿತ್ತು, ನಾನೇ ಏನೋ ತಪ್ಪು ತುಳಿದೆ ಅಂತ. ರಾತ್ರಿ ಮಲಗಿದರೆ ಕಾಲು ತಾನಾಗಿ ಒತ್ತುತ್ತಿತ್ತು.

ಗಾಡಿಯನ್ನು ಲಾರಿ ಮೇಲೆ ಹಾಸನಕ್ಕೆ ತರಿಸಿ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಅವರು ಪೆಡಲ್ ಮುಟ್ಟಲೇ ಇಲ್ಲ. ಚಕ್ರದ ಹಿಂದೆ ಬ್ರೇಕ್ ಆಯಿಲ್ ಹೊರಬಿಡೋಕೆ ಇರುವ ನಿಪ್ಪಲ್‌ಗೆ ಸಣ್ಣ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಖಾಲಿ ನೀರಿನ ಬಾಟಲಿಗೆ ಬಿಟ್ಟು, ಹುಡುಗನಿಗೆ ಪೆಡಲ್ ಒತ್ತು ಅಂದರು. ಬಾಟಲಿಗೆ ಬಂದದ್ದು ಕಾಫಿ ಡಿಕಾಕ್ಷನ್. ನಿಜಕ್ಕೂ ಅದೇ ಬಣ್ಣ. ಪಕ್ಕದಲ್ಲಿ ಹೊಸ ಡಬ್ಬಿ ಒಡೆದು ಗ್ಲಾಸಿಗೆ ಸ್ವಲ್ಪ ಸುರಿದು ತೋರಿಸಿದರು. ಅದು ತೆಳು ಹಳದಿ, ಆಚೆ ಇಟ್ಟ ಬೆರಳು ಕಾಣುವಷ್ಟು ತಿಳಿ. 'ಇದರಲ್ಲಿ ನೀರು ಸೇರಿದೆ ಕಣಮ್ಮ. ಘಾಟೀಲಿ ಕುದ್ದಿದೆ. ನಿಂತ ಮೇಲೆ ಆರಿದೆ. ಅದಕ್ಕೇ ಈಗ ಗಟ್ಟಿ' ಅಂದರು.

ಆ ಮಾತನ್ನು ನಿಮಗೆ ಪೂರ್ತಿ ಬಿಡಿಸಿ ಹೇಳಬೇಕು. ನನಗೆ ಆರು ವರ್ಷ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾವು ಬ್ರೇಕ್ ಆಯಿಲ್ ಅಂತ ಕರೆಯೋದು ಎಣ್ಣೆಯೇ ಅಲ್ಲ. ಎಣ್ಣೆ ನೀರನ್ನು ದೂರ ಇಡುತ್ತದೆ, ಇದು ನೀರನ್ನು ಹೀರಿಕೊಳ್ಳುತ್ತದೆ. ಉಪ್ಪಿನ ಡಬ್ಬಿ ಮುಚ್ಚಳ ಸಡಿಲ ಇದ್ದರೆ ಮಳೆಗಾಲದಲ್ಲಿ ಏನಾಗುತ್ತದೆ, ಅದೇ ಕಥೆ. ಗಾಳಿಯ ತೇವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದಿಂದ, ರಬ್ಬರ್ ಹೋಸ್‌ಗಳಿಂದ ಒಳಗೆ ಸೇರುತ್ತಲೇ ಇರುತ್ತದೆ. ಗಾಡಿ ಓಡಿದರೂ ಸೇರುತ್ತದೆ, ಶೆಡ್ಡಲ್ಲಿ ನಿಂತಿದ್ದರೂ ಸೇರುತ್ತದೆ. ಇಲ್ಲಿ ಕಿಲೋಮೀಟರ್ ಲೆಕ್ಕಕ್ಕೇ ಬರಲ್ಲ. ನಮ್ಮ ಮಲೆನಾಡಿನ ತೇವದಲ್ಲಂತೂ ಕೇಳೋದೇ ಬೇಡ.

ನೀರು ಸೇರಿದರೆ ಏನಾಯಿತು? ಕುದಿಯುವ ಬಿಸಿ ಇಳಿದುಬಿಡುತ್ತದೆ. ಸಾಮಾನ್ಯವಾಗಿ ಕಾರಿಗೆ ಹಾಕುವುದು ಡಾಟ್ 3 ಅಥವಾ ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೂರಕ್ಕೆ 4 ಪಾಲಿನ ಹತ್ತಿರ ನೀರು ಸೇರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ ಹೊಸದರಲ್ಲಿ 230, ನೀರು ಸೇರಿದಾಗ 155. ಹಾಸನದ ಬಿ.ಎಂ. ರಸ್ತೆಯಲ್ಲಿ ಸಿಗ್ನಲ್‌ಗೆ ನಿಲ್ಲಿಸಿ ಹೊರಡುವಾಗ ಬ್ರೇಕ್ ಅಷ್ಟು ಬಿಸಿ ಆಗೋದೇ ಇಲ್ಲ. ಅದಕ್ಕೇ ಊರಲ್ಲಿ ಆರು ವರ್ಷ 'ಚೆನ್ನಾಗಿ ಹಿಡಿಯುತ್ತಿತ್ತು'. ಘಾಟಿಯಲ್ಲಿ ಬಿಡದೆ ಒತ್ತಿಹಿಡಿದರೆ ಡಿಸ್ಕ್ ಕಾದು, ಆ ಬಿಸಿ ಪ್ಯಾಡ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಅದು ಕುದ್ದು ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗಲ್ಲ, ಕಾಲಿನ ಬಲವನ್ನು ಹಾಗೇ ಚಕ್ರಕ್ಕೆ ಮುಟ್ಟಿಸುತ್ತದೆ. ಆವಿ ಕುಗ್ಗುತ್ತದೆ. ನಾನು ತುಳಿದ ಬಲ ಎಲ್ಲ ಆ ಗುಳ್ಳೆ ಹಿಸುಕೋದಕ್ಕೇ ಹೋಯಿತು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ. ಪೆಡಲ್ ಗಟ್ಟಿ. ಸಾಕ್ಷಿ ಮಾಯ.

ಹಾಗಾಗಿ ಲೆವೆಲ್ ಸರಿ ಇದೆ ಅನ್ನೋದು ಸಮಾಧಾನದ ಮಾತಲ್ಲ. ಲೆವೆಲ್ ಇಳಿದಿದ್ದರೆ ಪ್ಯಾಡ್ ಸವೆದಿರಬಹುದು ಅಥವಾ ಎಲ್ಲೋ ಸೋರುತ್ತಿರಬಹುದು, ನೋಡಿಸಬೇಕು. ಆದರೆ ಒಳಗಿರೋದು ಹಳೇದಾ ಹೊಸದಾ ಅನ್ನೋದನ್ನು ಲೆವೆಲ್ ಹೇಳಲ್ಲ. ಬಹಳಷ್ಟು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಅನ್ನುತ್ತವೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಕಿಲೋಮೀಟರ್ ಪಕ್ಕದಲ್ಲಿ ತಿಂಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು. ನಾನು ಆ ಎರಡನೇ ಲೆಕ್ಕವನ್ನು ಓದಿಯೇ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಮ್ಮಿ ಓಡಿದ ಗಾಡಿಗೆ ಕಮ್ಮಿ ಸರ್ವಿಸ್ ಸಾಕು ಅನ್ನೋ ಮಾತನ್ನೇ ನಾನು ಒಪ್ಪಲ್ಲ. ನಿಂತ ಗಾಡಿ ಬೇರೆ ಥರ ಕೆಡುತ್ತದೆ. ಟೈರ್ ಸವೆಯದೆ ಹಾಗೇ ಇದ್ದರೂ ರಬ್ಬರ್ ಗಟ್ಟಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂತ ಇದ್ದರೆ 2019ರ 23ನೇ ವಾರ ತಯಾರಾಗಿದ್ದು, ಅದನ್ನು ನೋಡಿ. ಸ್ಟೆಪ್ನಿಯದೂ ನೋಡಿ. ನಾಲ್ಕು ಕಿಲೋಮೀಟರ್ ಓಡಾಟದಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗಲ್ಲ, ಎಂಜಿನ್ ಕೂಡ ಸರಿಯಾಗಿ ಬಿಸಿ ಆಗದೆ ಆಯಿಲ್‌ನಲ್ಲಿ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಡ್ರಮ್ ಬ್ರೇಕಿನ ಒಳಗೆ ಒತ್ತಿ ಹಿಡಿಯುವ ಶೂ ಡ್ರಮ್ಮಿಗೇ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗ ಆದರೆ ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಸಾಕು. ಇಲಿ ವೈರ್ ಕಡಿಯೋದಂತೂ ನಿಮ್ಮ ಕಡೆ ಎಲ್ಲರಿಗೂ ಗೊತ್ತು, ಅಲ್ವಾ?

ಆದರೆ 9,000 ಕೊಡಲೇಬೇಕು ಅಂತಲೂ ನಾನು ಹೇಳುತ್ತಿಲ್ಲ. ಅಂದಾಜು ಚೀಟಿ ಬರೆಸಿಕೊಳ್ಳಿ, ಒಂದೊಂದೇ ಸಾಲು ಓದಿ. ಬಣ್ಣದ ಕೋಟಿಂಗ್, ಒಳಗಿನ ಪಾಲಿಷ್, ಎಸಿಗೆ ಸುಗಂಧ ಹೊಡೆಯೋದು, ಇವೆಲ್ಲ ಬೇಡ ಅನ್ನಿ. ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್, ನಾಲ್ಕೂ ಚಕ್ರ ಬಿಚ್ಚಿ ಪ್ಯಾಡ್, ಶೂ ನೋಡೋದು, ಕೂಲಂಟ್, ವೈಪರ್, ಇವಿಷ್ಟನ್ನು ಬಿಡಬೇಡಿ. ನನ್ನ ಹಾಗೆ ತಪ್ಪು ಸಾಲನ್ನು ಹೊಡೆಸಬೇಡಿ.

ಇನ್ನು ಘಾಟಿ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ. ಚಾರ್ಮಾಡಿ ಆದರೂ ಸರಿ, ಕೈಮರದಿಂದ ಮುಳ್ಳಯ್ಯನಗಿರಿಗೆ ಹೋಗಿ ಇಳಿಯುವಾಗಲೂ ಸರಿ. ಎಂಜಿನ್ ಕೂಗಲಿ ಬಿಡಿ, ಆ ಸದ್ದೇ ನಿಮ್ಮ ಗಾಡಿಯನ್ನು ಹಿಡಿದಿರೋದು. ಮನೆಯವರಿಗೆ ಮೊದಲೇ ಹೇಳಿಟ್ಟುಬಿಡಿ. ಬ್ರೇಕನ್ನು ಸವರಿಕೊಂಡು ಹೋಗಬೇಡಿ. ಸರಿಯಾಗಿ ಒತ್ತಿ ವೇಗ ಇಳಿಸಿ, ಕಾಲು ತೆಗೆಯಿರಿ, ಗಾಳಿಯಾಡಲಿ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸೋದು ಶುದ್ಧ ಸುಳ್ಳು ಲೆಕ್ಕ. ಈಗಿನ ಕಾರು ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಲ್ಲಿ ಪೆಟ್ರೋಲ್ ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಿರಲು ಪೆಟ್ರೋಲ್ ಬೇಕೇ ಬೇಕು. ಎಂಜಿನ್ ಆಫ್ ಮಾಡಿ ಇಳಿಯೋದನ್ನು ಕನಸಲ್ಲೂ ಮಾಡಬೇಡಿ, ಬ್ರೇಕೂ ಸ್ಟೀರಿಂಗೂ ಕಲ್ಲಾಗುತ್ತದೆ. ಸುಟ್ಟ ವಾಸನೆ ಬಂದರೆ ಅದು ನಿಮ್ಮದೇ ಗಾಡಿ ಅಂದುಕೊಂಡು ಜಾಗ ನೋಡಿ ನಿಲ್ಲಿಸಿ. ನೀರು ಸುರಿಯಬೇಡಿ, ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ.

ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಚೌಕಾಶಿ ಇಲ್ಲ. ಕಾನೂನಿನಲ್ಲೂ ಕಡ್ಡಾಯ, 1,000 ರೂಪಾಯಿ ದಂಡ ಇದೆ. ಬಕಲ್ ಸೀಟಿನ ಕೆಳಗೆ ಹೋಗಿ ಸಿಕ್ಕಿಕೊಂಡಿದ್ದರೆ ಇವತ್ತೇ ಎಳೆದು ಮೇಲೆ ಹಾಕಿ. ನಮ್ಮದರಲ್ಲಿ ಅತ್ತೆ ಕೂತ ಕಡೆಯದು ಹಾಗೇ ಒಳಗೆ ಹೋಗಿತ್ತು.

ನಾಳೆ ಬೆಳಿಗ್ಗೆ ಬಾನೆಟ್ ಎತ್ತಿ. ಡ್ರೈವರ್ ಕಡೆ, ಹಿಂಬದಿಗೆ ಸಣ್ಣ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ. ಮುಚ್ಚಳ ತೆಗೆಯಬೇಡಿ, ಹೊರಗಿಂದಲೇ ಟಾರ್ಚ್ ಬಿಟ್ಟು ಬಣ್ಣ ನೋಡಿ. ಕಪ್ಪಾಗಿದ್ದರೆ ಮಾತೇ ಇಲ್ಲ. ತಿಳಿಯಾಗಿದ್ದರೂ ಕೊನೆಗೆ ಬದಲಾಯಿಸಿದ ಬಿಲ್ ಸಿಗದಿದ್ದರೆ ಬದಲಾಯಿಸಿಬಿಡಿ, ಬಣ್ಣ ನೋಡಿ ನೀರಿನ ಲೆಕ್ಕ ಸಿಗಲ್ಲ. ಮೇಲಿಂದ ಸ್ವಲ್ಪ ತೆಗೆದು ಸ್ವಲ್ಪ ಸುರಿಯೋದಲ್ಲ, ನಾಲ್ಕೂ ಚಕ್ರದ ನಿಪ್ಪಲ್‌ನಿಂದ ಹೊಸದು ಬರುವವರೆಗೆ ತೆಗೆಸಿ. ಹೊಸ ಡಬ್ಬಿಯ ಸೀಲ್ ನಿಮ್ಮೆದುರಿಗೇ ಒಡೆಯಲಿ. ತಿಂಗಳ ಹಿಂದೆ ಒಡೆದಿಟ್ಟ ಡಬ್ಬಿಯದು ಹಾಕಿಸಿಕೊಳ್ಳಬೇಡಿ, ಅದೂ ಅಷ್ಟರಲ್ಲಿ ನೀರು ಕುಡಿದಿರುತ್ತದೆ. ಮುಗಿದ ಮೇಲೆ ಎರಡು ದಿನ ಊರೊಳಗೆ ಓಡಿಸಿ ಪೆಡಲ್ ನೋಡಿಕೊಂಡು ಧರ್ಮಸ್ಥಳಕ್ಕೆ ಹೊರಡಿ. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಗಾಡಿ ಎಷ್ಟೇ ಇದ್ದರೂ ನಿಲ್ಲಿಸಿ.