ಟ್ರೈ ಗಳಿಸಿದವನೇ ಮೇಲೇ?

ಪ್ರಶ್ನೆ: ಆಸ್ಟ್ರೇಲಿಯಾದ ಎನ್‌ಆರ್‌ಎಲ್ ರಗ್ಬಿ ಲೀಗ್‌ನಲ್ಲಿ ನನ್ನ ಮೆಚ್ಚಿನ ತಂಡದ ಯುವ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವನು) ಮೇಲಿಂದ ಮೇಲೆ ಟ್ರೈ ಗಳಿಸುತ್ತಿದ್ದಾನೆ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡು ಊರಿ ಅಂಕ ತರುತ್ತಿದ್ದಾನೆ. ಅವನದೇ ವಯಸ್ಸಿನ ಪ್ರಾಪ್ ಆಟಗಾರ (ಮಧ್ಯದಲ್ಲಿ ಚೆಂಡು ಹೊತ್ತು ನುಗ್ಗುವ ದಢೂತಿ) ಒಂದೂ ಗಳಿಸಿಲ್ಲ. ಆದರೂ ವೀಕ್ಷಕ ವಿವರಣೆಗಾರರು ಪ್ರಾಪ್‌ನನ್ನೇ ಹೊಗಳುತ್ತಾರೆ. ಇದು ಹೇಗೆ ಸರಿ?

ಉತ್ತರ: ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಮೊದಲು ಬಿಡಬೇಕು. ವಿಂಗರ್ ಮೂಲೆಯಲ್ಲಿ ಚೆಂಡು ಊರಿ ತರುವ ನಾಲ್ಕು ಅಂಕಗಳ ಹಿಂದೆ ದಾಳಿಯನ್ನು ರೂಪಿಸುವ ಹಾಫ್‌ಬ್ಯಾಕ್‌ನ ಪಾಸ್ ಇರುತ್ತದೆ, ವಿಂಗರ್‌ನ ಪಕ್ಕದಲ್ಲೇ ಆಡುತ್ತಾ ಎದುರಾಳಿಯನ್ನು ತನ್ನತ್ತ ಸೆಳೆದುಕೊಂಡ ಸೆಂಟರ್ ಇರುತ್ತಾನೆ. ಆದ್ದರಿಂದ ಅವನನ್ನು ಅದೇ ತಂಡದ ಇನ್ನೊಂದು ಬದಿಯ ವಿಂಗರ್‌ನೊಂದಿಗೆ ಹೋಲಿಸಿ. ಅದರಲ್ಲೂ ಎದುರಾಳಿಗಳು ಎತ್ತರಕ್ಕೆ ಒದ್ದ ಚೆಂಡನ್ನು ಹಿಡಿಯುವುದು, ತನ್ನದೇ ಗೆರೆಯ ಬಳಿಯಿಂದ ಮೊದಲ ಎರಡು ಟ್ಯಾಕಲ್‌ಗಳಲ್ಲಿ (ಚೆಂಡು ಹೊತ್ತವನನ್ನು ಎದುರಾಳಿಗಳು ಹಿಡಿದು ನಿಲ್ಲಿಸುವುದೇ ಟ್ಯಾಕಲ್) ಚೆಂಡು ಹೊತ್ತು ನುಗ್ಗುವುದು ಮುಂತಾದ, ಯಾರೂ ಚಪ್ಪಾಳೆ ತಟ್ಟದ ಕೆಲಸಗಳನ್ನು ನೋಡಿ.

ಪ್ರಾಪ್‌ನ ಲೆಕ್ಕ ಇನ್ನೂ ಸೂಕ್ಷ್ಮ. ಪಂದ್ಯ 80 ನಿಮಿಷದ್ದಾದರೂ ಹೆಚ್ಚಿನ ಪ್ರಾಪ್‌ಗಳು ನಡುವೆ ಹೊರಗೆ ಹೋಗಿ ಮರಳುತ್ತಾರೆ. ಹೀಗಾಗಿ ಚೆಂಡು ಹೊತ್ತು ಓಡಿದ ಒಟ್ಟು ಮೀಟರುಗಳಿಗಿಂತ ನಿಮಿಷಕ್ಕೆಷ್ಟು ಎಂಬುದೇ ಮುಖ್ಯ. ಆರಂಭದಲ್ಲೇ ಇಳಿದವನು ದಣಿಯದ ಎದುರಾಳಿಗಳಿಗೆ ಡಿಕ್ಕಿ ಹೊಡೆಯುತ್ತಾನೆ, ಬೆಂಚಿನಿಂದ ಬಂದವನಿಗೆ ಅರ್ಧ ದಣಿದವರು ಸಿಗುತ್ತಾರೆ. 2016ರಲ್ಲಿ ಪಂದ್ಯವೊಂದರಲ್ಲಿ ತಂಡ ಮಾಡಬಹುದಾದ ಆಟಗಾರರ ಬದಲಾವಣೆಗಳ ಸಂಖ್ಯೆಯನ್ನು 10ರಿಂದ 8ಕ್ಕೆ ಇಳಿಸಿದ ಮೇಲಂತೂ ದಣಿವಿನ ಪಾತ್ರ ಹೆಚ್ಚಾಗಿದೆ. ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಆ ಪ್ರಾಪ್‌ನ ಮೇಲೇ ಕಣ್ಣಿಡಿ. ಟ್ಯಾಕಲ್ ಮಾಡಿದ ಮೇಲೆ ಹತ್ತು ಮೀಟರು ಹಿಂದೆ ಸರಿದು ಸಾಲು ಸೇರಲು ಅವನಿಗೆ ಎಷ್ಟು ಹೊತ್ತು ಬೇಕು? ತಾನು ಟ್ಯಾಕಲ್‌ಗೆ ಸಿಕ್ಕಾಗ ಬೇಗನೆ ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆಯೇ? ಅದು ಬೇಗ ಆದರೆ, ಎದುರಾಳಿಗಳು ಹಿಂದೆ ಸರಿಯುತ್ತಿರುವಾಗಲೇ, ಹಾಗೆ ಉರುಳಿ ಬಂದ ಚೆಂಡನ್ನು ಎತ್ತಿಕೊಳ್ಳುವ ಹೂಕರ್ ಓಡಲು ಆರಂಭಿಸುತ್ತಾನೆ, ಆದರೆ ಆ ಮೀಟರುಗಳು ಪ್ರಾಪ್‌ನ ಖಾತೆಗೆ ಜಮೆಯಾಗುವುದಿಲ್ಲ.

ಲಯ ಬೇರೆ, ಸಾಮರ್ಥ್ಯ ಬೇರೆ. ಲಯ ಕೆಲವು ವಾರಗಳ ಮಾತು. ಸಾಮರ್ಥ್ಯವನ್ನು ಅಳೆಯಲು ದಣಿದಾಗಲೂ ಸರಿಯಾದ ನಿರ್ಧಾರ ತೆಗೆದುಕೊಳ್ಳುತ್ತಾನೆಯೇ ಎಂದು ನೋಡಬೇಕು. ಮೆಲ್ಬರ್ನ್ ಸ್ಟಾರ್ಮ್‌ನ ಹೂಕರ್ ಕ್ಯಾಮರಾನ್ ಸ್ಮಿತ್ ದೈತ್ಯದೇಹಿಯೂ ಆಗಿರಲಿಲ್ಲ, ಮಿಂಚಿನ ಓಟಗಾರನೂ ಆಗಿರಲಿಲ್ಲ; ಆದರೂ 430 ಪಂದ್ಯಗಳನ್ನಾಡಿದರು, ಋತುವಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಡಾಲಿ ಎಂ ಪದಕವನ್ನು 2006ರಲ್ಲೂ ಹನ್ನೊಂದು ವರ್ಷಗಳ ಬಳಿಕ 2017ರಲ್ಲೂ ಗೆದ್ದರು. ಪ್ರಾಪ್‌ಗಳು ಸಾಮಾನ್ಯವಾಗಿ ವಿಂಗರ್‌ಗಳಿಗಿಂತ ತಡವಾಗಿ ಮಾಗುತ್ತಾರೆ. ಎಳೆಯ ವಯಸ್ಸಿನಲ್ಲೇ ಹಿರಿಯರ ಸಮಕ್ಕೆ ನಿಲ್ಲುವವನನ್ನು ವಿವರಣೆಗಾರರು ಹೊಗಳುವುದು ಈ ಕಾರಣಕ್ಕೇ ಇರಬೇಕು.

ಹಾಗೆಂದು ನಿಮ್ಮ ವಿಂಗರ್‌ನನ್ನು ನಾನು ಕಡೆಗಣಿಸುತ್ತಿಲ್ಲ. ಗಾಯದಿಂದಲೋ ಬೇರೆ ಕಾರಣದಿಂದಲೋ ಅವನ ಪಕ್ಕದ ಸೆಂಟರ್ ಬದಲಾದ ಮೇಲೂ ಟ್ರೈಗಳು ಬರುತ್ತಲೇ ಇದ್ದರೆ, ಅವುಗಳಲ್ಲಿ ಅವನ ಸ್ವಂತದ ಪಾಲು ದೊಡ್ಡದೆಂದು ಧೈರ್ಯವಾಗಿ ವಾದಿಸಬಹುದು.