ಒಡೆದ ಬಾಟಲಿ ಗಾಜನ್ನು ಜಲ್ಲಿಯ ಬದಲು ಕಾಂಕ್ರೀಟಿಗೆ ಹಾಕಬಹುದೇ?

ಚೂರುಗಳನ್ನು ಹಾಗೇ ಸುರಿಯಬೇಡಿ. ನುಣ್ಣಗೆ ಪುಡಿ ಮಾಡಿದರೆ, ಜಲ್ಲಿಯ ಬದಲಲ್ಲ, ಸಿಮೆಂಟಿನ ಒಂದು ಭಾಗದ ಬದಲು ಹಾಕಬಹುದು. ಗಾಜು ಅದೇ, ಪುಡಿಯ ಗಾತ್ರದಲ್ಲೇ ಇರೋದು ಎಲ್ಲಾ ವ್ಯತ್ಯಾಸ.

ಬಾಟಲಿ ಗಾಜಿನಲ್ಲಿ ಸುಮಾರು 70% ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಆದರೆ ಮರಳಿನ ಸಿಲಿಕಾ ಗಟ್ಟಿ ಹರಳು, ಗಾಜಿನದ್ದು ಹಾಗಲ್ಲ. ಸಿಮೆಂಟಿನೊಳಗಿನ ನೀರು ತುಂಬಾ ಕ್ಷಾರ, ಸುಣ್ಣದ ನೀರಿಗಿಂತ ಖಾರ. ಅದು ಗಾಜಿನ ಚೂರನ್ನು ನಿಧಾನವಾಗಿ ಕೊರೆದು ಒಂದು ಬಗೆಯ ಲೋಳೆ ಮಾಡುತ್ತದೆ. ಲೋಳೆ ನೀರು ಕುಡಿದು ಉಬ್ಬುತ್ತದೆ. ಅಷ್ಟರಲ್ಲಿ ಕಾಂಕ್ರೀಟು ಗಟ್ಟಿಯಾಗಿರುತ್ತದೆ, ಉಬ್ಬಲು ಜಾಗ ಎಲ್ಲಿ? ಬಿರುಕು ಬಿಡುತ್ತದೆ. ಅದೂ ತಿಂಗಳು, ವರ್ಷ ಕಳೆದ ಮೇಲೆ.

ಮೈದಾದಷ್ಟು ನುಣ್ಣಗಿದ್ದರೆ ಕಥೆಯೇ ಬೇರೆ. ಕಾಂಕ್ರೀಟು ಇನ್ನೂ ಎಳೆಯದಾಗಿರುವಾಗಲೇ ಪುಡಿ ಸಿಮೆಂಟಿನ ಸುಣ್ಣದ ಜೊತೆ ಸೇರಿ ಅಂಟಾಗಿಬಿಡುತ್ತದೆ. ನಮ್ಮ ಹಳೇ ಗಾರೆಯಲ್ಲಿ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸುತ್ತಿದ್ದರಲ್ಲ, ಅದೇ ಉಪಾಯ. ಕೆನಡಾದ ಮಾಂಟ್ರಿಯಲ್‌ನ ಡಾರ್ವಿನ್ ಸೇತುವೆಗಳಲ್ಲಿ ಸಿಮೆಂಟಿನ 10% ಭಾಗದ ಬದಲು ಗಾಜಿನ ಪುಡಿ ಹಾಕಿದ್ದಾರೆ. ಸುಮಾರು 70,000 ವೈನ್ ಬಾಟಲಿಗಳಷ್ಟು ಗಾಜು! ಸಿಮೆಂಟು ಉಳಿದಷ್ಟೂ ಅದನ್ನು ಸುಟ್ಟು ತಯಾರಿಸುವ ಗೂಡಿನ ಹೊಗೆಯೂ ಕಡಿಮೆ.

ಬಣ್ಣದ ಚೂರುಗಳೇ ಕಾಣಬೇಕು, ಶಿಲ್ಪಕ್ಕೋ ನೆಲಕ್ಕೋ ಅಂದರೆ, ಸಿಮೆಂಟು ಬಿಟ್ಟು ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ಅದರಲ್ಲಿ ಈ ಕ್ಷಾರದ ಕಾಟವಿಲ್ಲ. ಬಿಸಿಲಿಗೆ ಇಡುವುದಾದರೆ ಮಾತ್ರ ಯೋಚಿಸಿ, ಎಪಾಕ್ಸಿ ಹಳದಿಯಾಗುತ್ತದೆ.